ವೀಸಾ ಸಿನಿಮಾಗಳಲ್ಲಿ ಹೆಂಡತಿ ಮಕ್ಕಳು ಎಲ್ಲಿ?

ವಿದೇಶಕ್ಕೆ ಹೋಗುವವರ ಕಥೆಗಳಿಗೆ ನಮ್ಮಲ್ಲಿ ಬರ ಇಲ್ಲ. 1997ರಲ್ಲಿ ನಾಗತಿಹಳ್ಳಿ ಚಂದ್ರಶೇಖರ್ ಅವರ 'ಅಮೆರಿಕಾ ಅಮೆರಿಕಾ' ಬಂದಾಗ ನಮ್ಮೂರಲ್ಲಿ ವಿಮಾನ ಹತ್ತಿದವರು ಒಬ್ಬರೂ ಇರಲಿಲ್ಲ. ಆದರೂ ಅದರ ಹಾಡುಗಳು ಎಲ್ಲರಿಗೂ ಬಾಯಿಪಾಠ ಆಗಿದ್ದವು. ಅದು ಹೋಗಿ ಸೇರಿಕೊಂಡ ಮೇಲಿನ ಕಥೆ. ಹೋಗೋದಕ್ಕೆ ಮುಂಚಿನ ಕಥೆ ಒಂದಿದೆಯಲ್ಲ, ಫಾರ್ಮು, ಅಫಿಡವಿಟ್ಟು, ಅಪಾಯಿಂಟ್‌ಮೆಂಟು, 'ಪೆಂಡಿಂಗ್' ಅಂತ ತೋರಿಸುತ್ತಲೇ ಇರುವ ಸ್ಟೇಟಸ್ಸು, ಅದರ ಮೇಲೆ ಬಂದ ಸಿನಿಮಾಗಳು ಕಡಿಮೆ. ನಾನು ನೋಡಿದ್ದರಲ್ಲಿ ಮೂರು ನೆನಪಲ್ಲಿ ಉಳಿದಿವೆ. ಒಂದು ಹಾಲಿವುಡ್ಡಿನದು, ಎರಡು ಹಿಂದಿಯವು. ಮೂರನ್ನೂ ಕಳೆದ ವರ್ಷ ಮತ್ತೆ ನೋಡಿದೆ.

ಮತ್ತೆ ನೋಡಿದ್ದಕ್ಕೆ ಕಾರಣ ಇದೆ. ಯುರೋಪಿನ ಒಂದು ದೇಶದಲ್ಲಿ ನನಗೆ ಕೆಲಸ ಸಿಕ್ಕಿತ್ತು. ನನ್ನ ವೀಸಾ ಬಂತು, ನಾನು ಹೊರಟೆ. ಹೆಂಡತಿ ಮತ್ತು ಐದು ವರ್ಷದ ಮಗಳ ಕಾಗದಪತ್ರ ಸಿಕ್ಕಿಹಾಕಿಕೊಂಡಿತು. ನಾಲ್ಕು ತಿಂಗಳು ನಾನು ಅಲ್ಲಿ, ಅವರು ಇಲ್ಲಿ. ನಾನು ವಿಮರ್ಶಕ ಅಲ್ಲ, ಬಿ.ಇ. ಮಾಡಿ ಹದಿಮೂರು ವರ್ಷದಿಂದ ಕೋಡ್ ಬರೀತಿರೋನು. ಆದರೆ ಒಂದು ಸಿನಿಮಾ ಹೇಳೋ ಕಷ್ಟದೊಳಗೇ ಕೂತು ಆ ಸಿನಿಮಾ ನೋಡಿದಾಗ, ಅದು ಎಲ್ಲಿ ನಿಜ ಹೇಳ್ತಿದೆ, ಎಲ್ಲಿ ಜಾರಿಕೊಳ್ತಿದೆ ಅನ್ನೋದು ಯಾರಿಗಾದರೂ ಗೊತ್ತಾಗುತ್ತೆ.

ಮೊದಲು 'ಇಂಗ್ಲಿಷ್ ವಿಂಗ್ಲಿಷ್'. 2012ರದ್ದು, ಗೌರಿ ಶಿಂಧೆ ನಿರ್ದೇಶನ. ಶ್ರೀದೇವಿ ಮಾಡಿರುವ ಶಶಿ ಲಾಡು ಮಾಡಿ ಮಾರುವ ಗೃಹಿಣಿ, ನ್ಯೂಯಾರ್ಕಿನಲ್ಲಿ ಅಕ್ಕನ ಮಗಳ ಮದುವೆಗೆ ಹೋಗಬೇಕು. ವೀಸಾ ಸಂದರ್ಶನದಲ್ಲಿ ಇಂಗ್ಲಿಷ್ ತಡವರಿಸುತ್ತೆ. ಭಾಷೆ ಬರದೆ ನಮ್ಮ ದೇಶದಲ್ಲಿ ಹೇಗೆ ನಿಭಾಯಿಸ್ತೀರಿ ಅಂತ ಅಧಿಕಾರಿ ಕೇಳಿದಾಗ, ಪಕ್ಕದಲ್ಲಿರುವ ಭಾರತೀಯ ಸಹೋದ್ಯೋಗಿ, ಹಿಂದಿ ಬರದ ನೀವು ಇಲ್ಲಿ ನಿಭಾಯಿಸ್ತಿಲ್ವಾ, ಹಾಗೇ ಅನ್ನೋ ಅರ್ಥದಲ್ಲಿ ಚುಚ್ಚುತ್ತಾನೆ. ಥಿಯೇಟರಿನಲ್ಲಿ ಚಪ್ಪಾಳೆ ಬಿದ್ದಿತ್ತು, ನಾನೂ ಹೊಡೆದಿದ್ದೆ. (ಕನ್ನಡಿಗರಿಗೆ ಆ ಮಾತಲ್ಲಿ ಇನ್ನೊಂದು ಒಗ್ಗರಣೆಯೂ ಕೇಳಿಸುತ್ತೆ, ಅದು ಬೇರೆ ವಿಷಯ.) ಶಶಿಗೆ ವೀಸಾ ಸಿಗುತ್ತೆ.

ದೃಶ್ಯ ಚೆನ್ನಾಗಿದೆ, ತಕರಾರಿಲ್ಲ. ಆದರೆ ಶಶಿ ಹೋಗ್ತಿರೋದು ಮದುವೆಗೆ, ವಾಪಸ್ ಬರೋಳು. ಅಮೆರಿಕದ ಕಾನೂನಿನಲ್ಲಿ 214(ಬಿ) ಅಂತ ಒಂದು ಸೆಕ್ಷನ್ ಇದೆ. ಪ್ರವಾಸಿ ವೀಸಾ ಕೇಳುವವರು ಅಲ್ಲೇ ಉಳಿದುಬಿಡೋಕೆ ಬಂದವರು ಅಂತಲೇ ಮೊದಲು ಊಹಿಸಬೇಕು, ಹಾಗಲ್ಲ ಅಂತ ಅರ್ಜಿದಾರರೇ ತೋರಿಸಬೇಕು ಅನ್ನುತ್ತೆ ಅದು. ಹಾಗಾಗಿ ಪ್ರವಾಸಕ್ಕೆ ಹೋಗೋರು ತಮ್ಮ ಮನೆ, ಜಮೀನು, ಕೆಲಸ ತೋರಿಸಿ 'ನಂಗೆ ಇಲ್ಲಿ ಬೇರಿದೆ' ಅಂತ ಒಪ್ಪಿಸಬೇಕು. ಗಂಡನ ಜೊತೆ ಸಂಸಾರ ಸಮೇತ ಹೋಗೋಳು ಒಪ್ಪಿಸಬೇಕಾದ್ದೇ ಬೇರೆ: ಈ ಗಂಡನ ಹೆಂಡತಿ ನಾನೇ, ಈ ಮಗುವಿನ ತಾಯಿ ನಾನೇ ಅಂತ. ಅದನ್ನ ಮಾತಿನ ಚಾಲಾಕಿತನದಲ್ಲಿ ಗೆಲ್ಲೋಕಾಗಲ್ಲ. ಅಲ್ಲಿ ಮಾತಾಡೋದು ಕಾಗದ ಮಾತ್ರ.

ಎರಡನೆಯದು 2023ರ ಕೊನೆಗೆ ಬಂದ, ರಾಜ್‌ಕುಮಾರ್ ಹಿರಾನಿಯವರ 'ಡಂಕಿ'. ಪಂಜಾಬಿನ ಸಣ್ಣ ಊರಿನ ಗೆಳೆಯರು, ಅವರ ಇಂಗ್ಲಿಷ್ ಕ್ಲಾಸು, ಪರೀಕ್ಷೆ, ಮತ್ತೆ ಮತ್ತೆ ನಿರಾಕರಣೆ. ವಿಕ್ಕಿ ಕೌಶಲ್ ಪಾತ್ರ ಆ ನಿರಾಕರಣೆಯಲ್ಲಿ ಪ್ರಾಣವನ್ನೇ ಕಳೆದುಕೊಳ್ಳುತ್ತೆ. ಉಳಿದವರು ಕಳ್ಳದಾರಿ ಹಿಡಿದು ಲಂಡನ್ ಸೇರ್ತಾರೆ. ದುಡ್ಡು, ಡಿಗ್ರಿ ಇಲ್ಲದವನಿಗೆ ಅರ್ಜಿ ಹಾಕೋ ಬಾಗಿಲೇ ಮುಚ್ಚಿದೆ ಅನ್ನೋ ಸಿಟ್ಟು ಇದರಲ್ಲಿ ನಿಜವಾಗಿಯೂ ಇದೆ. ಆ ಸಿಟ್ಟಿನ ಮುಂದೆ ನನ್ನಂಥವರ ಗೋಳು ಚಿಕ್ಕದು. ನಮಗೆ ಕಂಪನಿ ನೇಮಿಸಿದ ಏಜೆಂಟ್ ಇದ್ದರು, ಇಮೇಲ್‌ಗೆ ಉತ್ತರ ಬರ್ತಿತ್ತು. ಇದನ್ನ ಮರೆತು ಮಾತಾಡಬಾರದು.

ಆದರೆ ಸಿನಿಮಾ ಆಗಿ 'ಡಂಕಿ' ಅರ್ಧಕ್ಕೇ ಕಾಗದವನ್ನ ಬಿಟ್ಟುಬಿಡುತ್ತೆ. ವೀಸಾ ಸಿಗಲಿಲ್ಲ ಅಂದ ತಕ್ಷಣ ಬೆಟ್ಟ, ಮರಳುಗಾಡು, ಬಂದೂಕು ಶುರು. ಕಾಯೋದನ್ನ ತೋರಿಸೋದಕ್ಕಿಂತ ಓಡೋದನ್ನ ತೋರಿಸೋದು ಸುಲಭ. ನಮ್ಮಲ್ಲಿ ಬಹುಪಾಲು ಜನ ಓಡಲ್ಲ, ಕಾಯ್ತೀವಿ. ಕಾಯೋದೇ ಕಥೆ ಆಗಬೇಕಿತ್ತು.

ಕಾಯೋದನ್ನೇ ಕಥೆ ಮಾಡಿದ್ದು ಮೂರನೆಯ ಸಿನಿಮಾ, ಸ್ಟೀವನ್ ಸ್ಪಿಲ್‌ಬರ್ಗ್ ಅವರ 'ದಿ ಟರ್ಮಿನಲ್' (2004). ಟಾಮ್ ಹ್ಯಾಂಕ್ಸ್ ಮಾಡಿರೋ ವಿಕ್ಟರ್ ನವೋರ್ಸ್ಕಿ ಕ್ರಾಕೋಷಿಯಾ ಅನ್ನೋ ಕಾಲ್ಪನಿಕ ದೇಶದವನು. ವಿಮಾನದಲ್ಲಿದ್ದಾಗ ಅವನ ದೇಶದಲ್ಲಿ ದಂಗೆ ಆಗಿ ಸರ್ಕಾರ ಬೀಳುತ್ತೆ, ನ್ಯೂಯಾರ್ಕಿನಲ್ಲಿ ಇಳಿಯೋ ಹೊತ್ತಿಗೆ ಪಾಸ್‌ಪೋರ್ಟಿಗೆ ಬೆಲೆ ಇಲ್ಲ. ಒಳಗೆ ಹೋಗೋ ಹಾಗಿಲ್ಲ, ವಾಪಸ್ ಹೋಗೋ ಹಾಗೂ ಇಲ್ಲ. ಒಂಬತ್ತು ತಿಂಗಳು ವಿಮಾನ ನಿಲ್ದಾಣದಲ್ಲೇ ಬದುಕ್ತಾನೆ.

ಈ ಸಿನಿಮಾದ ಮೊದಲ ಒಂದು ಗಂಟೆ ನನಗೆ ಬಹಳ ಇಷ್ಟ. ವಿಕ್ಟರ್ ದಿನಾ ಹೋಗಿ ಕ್ಯೂನಲ್ಲಿ ನಿಂತು ಅದೇ ಫಾರ್ಮನ್ನ ತುಂಬಿ ಕೊಡ್ತಾನೆ, ಕೌಂಟರಿನ ಹುಡುಗಿ ದಿನಾ ಅದರ ಮೇಲೆ ಕೆಂಪು ಮುದ್ರೆ ಒತ್ತುತ್ತಾಳೆ. ಇಬ್ಬರಿಗೂ ಬೇಜಾರಿಲ್ಲ, ಕೋಪ ಇಲ್ಲ. ನಾಳೆ ಮತ್ತೆ ಬರ್ತಾನೆ. ನಮ್ಮ ಕಡೆ ತಾಲ್ಲೂಕು ಕಚೇರಿಗೆ ಅಲೆದವರು ಯಾರೇ ಈ ದೃಶ್ಯ ನೋಡಿದರೂ 'ಇವನು ನಮ್ಮೋನೇ ಕಣಯ್ಯ' ಅಂತಾರೆ. ಟ್ರಾಲಿಗಳನ್ನ ಅವುಗಳ ಜಾಗಕ್ಕೆ ತಳ್ಳಿ ಬಂದ ಚಿಲ್ಲರೆಯಲ್ಲಿ ಬರ್ಗರ್ ತಿನ್ನೋದು, ಒಂದೇ ಗೈಡ್ ಪುಸ್ತಕವನ್ನ ಎರಡು ಭಾಷೆಯಲ್ಲಿ ಇಟ್ಟುಕೊಂಡು ಇಂಗ್ಲಿಷ್ ಕಲಿಯೋದು, ದುರಸ್ತಿಯಲ್ಲಿರೋ 67ನೇ ಗೇಟಿನಲ್ಲಿ ಕುರ್ಚಿ ಜೋಡಿಸಿ ಮಂಚ ಮಾಡ್ಕೊಳ್ಳೋದು, ಇವೆಲ್ಲ ಕಾಯೋ ಮನುಷ್ಯನ ನಿಜವಾದ ಕೆಲಸಗಳು. ಗುಪ್ತಾ ಅನ್ನೋ ನೆಲ ಒರೆಸೋ ಭಾರತೀಯ ಮುದುಕನೂ (ಕುಮಾರ್ ಪಲ್ಲಾನ) ಸಿಕ್ಕಿಹಾಕಿಕೊಂಡವನೇ. ಮದ್ರಾಸಿಗೆ ವಾಪಸ್ ಹೋದರೆ ಪೊಲೀಸ್ ಕೇಸು, ಅದಕ್ಕೆ ಅಲ್ಲೇ ಇದ್ದಾನೆ.

ಆಮೇಲೆ ಸಿನಿಮಾಗೆ ಭಯ ಆಗುತ್ತೆ. ಬರೀ ಕಾಯೋದನ್ನ ಜನ ನೋಡಲ್ಲ ಅನ್ನೋ ಭಯ. ಒಬ್ಬ ಖಳನಾಯಕ ಬೇಕು, ಡಿಕ್ಸನ್ ಅನ್ನೋ ಅಧಿಕಾರಿ (ಸ್ಟ್ಯಾನ್ಲಿ ಟುಚಿ) ಹಟಕ್ಕೆ ಬೀಳ್ತಾನೆ. ಒಂದು ಪ್ರೇಮ ಬೇಕು, ಗಗನಸಖಿ ಬರ್ತಾಳೆ. ಒಂದು ಜಾಣತನದ ಗೆಲುವು ಬೇಕು. ಸಾಯ್ತಿರೋ ಅಪ್ಪನಿಗೆ ಔಷಧಿ ಒಯ್ಯುತ್ತಿದ್ದವನ ಹತ್ತಿರ ಕಾಗದ ಇರಲ್ಲ. ದುಭಾಷಿಯಾದ ವಿಕ್ಟರ್ ಅದು ಅಪ್ಪನಿಗಲ್ಲ, ಆಡಿಗೆ ಅಂತ ತಿರುಗಿಸಿಬಿಡ್ತಾನೆ, ಪ್ರಾಣಿಯ ಔಷಧಿಗೆ ಆ ಕಾಗದ ಬೇಡ. ನೋಡೋಕೆ ಮಜಾ ಇದೆ. ಆದರೆ ಅಲ್ಲಿಗೆ 'ದಿ ಟರ್ಮಿನಲ್' ಕೂಡ 'ಇಂಗ್ಲಿಷ್ ವಿಂಗ್ಲಿಷ್' ಸಾಲಿಗೇ ಬಂದು ನಿಲ್ಲುತ್ತೆ: ಕೌಂಟರಿನ ಎದುರು ಒಬ್ಬ ಒಳ್ಳೆಯವನು, ಆ ಕಡೆ ಒಬ್ಬ ಅಧಿಕಾರಿ, ಮಧ್ಯೆ ಒಂದು ಜಟಾಪಟಿ.

ಇದನ್ನ ನನ್ನ ಹೆಂಡತಿ ಊರಿನಲ್ಲಿ ಮೊಬೈಲಿನಲ್ಲಿ ನೋಡಿದಳು, ಮಗಳು ಮಲಗಿದ ಮೇಲೆ. ಮಾರನೇ ದಿನ ಫೋನಿನಲ್ಲಿ ಹೇಗಿತ್ತು ಅಂದೆ.

"ಅವನಿಗೇನ್ರೀ, ಒಬ್ನೇ. ಮಗೂನ ಕಟ್ಕೊಂಡು ಒಂಬತ್ತು ತಿಂಗ್ಳು ಅಲ್ಲಿ ಇರ್ಲಿ ನೋಡೋಣ" ಅಂದಳು.

ಮೂರೂ ಸಿನಿಮಾಗಳ ಬಗ್ಗೆ ನನಗೆ ಹೇಳೋಕೆ ಇರೋದೂ ಇದೇ ಮಾತು. ವಿಕ್ಟರ್ ಒಬ್ಬನೇ. ಶಶಿ ಮನೆಯವರಿಗಿಂತ ಮುಂಚೆ ಒಬ್ಬಳೇ ವಿಮಾನ ಹತ್ತುತ್ತಾಳೆ. 'ಡಂಕಿ'ಯ ಗುಂಪಿನಲ್ಲಿ ಕೈ ಹಿಡಿದುಕೊಂಡು ನಡೆಯೋ ಪುಟ್ಟ ಮಕ್ಕಳಿಲ್ಲ. ಒಂಟಿ ಮನುಷ್ಯನಿಗೆ ಒಂದೇ ಗಡಿಯಾರ. ಸಂಸಾರಕ್ಕೆ ಹಾಗಲ್ಲ.

ನಮ್ಮದನ್ನೇ ಹೇಳ್ತೀನಿ, ಯಾಕಂದ್ರೆ ನಿಮ್ಮಲ್ಲಿ ಕೆಲವರಾದರೂ ಇದೇ ಸಾಲಿನಲ್ಲಿ ಇರ್ತೀರಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಅನ್ನೋದೇ ಇಲ್ಲ. ಎರಡು ಇನಿಷಿಯಲ್ಲು: ಒಂದು ಊರು, ಒಂದು ಅಪ್ಪ. ಹೆಂಡತಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಮದುವೆ ನೋಂದಣಿಯಲ್ಲಿ ಹೆಸರಿನ ಜೊತೆ ಆ ಎರಡು ಅಕ್ಷರ ಇವೆ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೀಬೇಕು, ಹಾಗಾಗಿ ಅಪ್ಪನ ಹೆಸರು ಪೂರ್ತಿಯಾಗಿ ಸರ್‌ನೇಮ್ ಜಾಗಕ್ಕೆ ಬಂತು. ಮಗಳು ಹುಟ್ಟಿದಾಗ ಆಸ್ಪತ್ರೆಯವರು ತಾಯಿಯ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿ ಕಳಿಸಿದರು, ಜನನ ಪ್ರಮಾಣಪತ್ರ ಹಾಗೇ ಆಯಿತು. ಮೂರು ಕಾಗದ, ಮೂರು ಹೆಂಗಸರು.

ಇದು ನಮ್ಮೊಬ್ಬರ ಕಥೆ ಅಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಇನ್ನೊಂದು ಖಾನೆ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚಾಗುತ್ತೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅಪ್ಪ ಅಮ್ಮ ಇಟ್ಟ ಹೆಸರನ್ನ ಸರ್‌ನೇಮ್ ಮಾಡಿ, ಮುಂದೆ 'ಗೊತ್ತಿಲ್ಲ' ಅಂತ ಬರೆಸಿಕೊಂಡು ಓಡಾಡೋ ದಕ್ಷಿಣ ಭಾರತದವರು ಎಷ್ಟೋ ಜನ ಇದ್ದಾರೆ.

ಹೆಸರು ಹೊಂದಲ್ಲ ಅಂದಾಗ ನಮ್ಮಲ್ಲಿ ಒಂದು ಮದ್ದಿದೆ: ನೋಟರಿ ಅಫಿಡವಿಟ್. ಈ ಮೂರೂ ಹೆಸರಿನವಳು ನಾನೊಬ್ಬಳೇ ಅಂತ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡೋದು. ಹೆಂಡತಿ ಮಾಡಿಸಿದಳು. ಆ ಕಡೆಯ ಕಚೇರಿ ಅದನ್ನ ಒಪ್ಪಲಿಲ್ಲ, ಮೂಲ ದಾಖಲೆಯೇ ತಿದ್ದುಪಡಿ ಆಗಿ ಬರಬೇಕು ಅಂತು. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಿದ್ದುಪಡಿಗೆ ದಾರಿ ಇದೆ, ಆದರೆ ದಾರಿ ಇದೆ ಅಂದರೆ ಬಸ್ಸಿದೆ ಅಂತಲ್ಲ. ತಿದ್ದಿದ ಪತ್ರ ಬಂದ ಮೇಲೆ ರಾಜ್ಯದ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ದಾಖಲೆಗಳಿಗೆ ದೇಶ ದೇಶಗಳ ನಡುವೆ ಮಾನ್ಯತೆ ಕೊಡೋ 1961ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿದ್ದು 2005ರಲ್ಲಿ, ಆ ಸ್ಟಿಕ್ಕರಿನ ಮೂಲ ಅದು. ಅದಾದ ಮೇಲೆ ಆ ದೇಶದ ಭಾಷೆಗೆ ಅನುವಾದ. ಅದಾದ ಮೇಲೆ ಹೊಸ ಅಪಾಯಿಂಟ್‌ಮೆಂಟು. ಒಂದು ಮುಗಿಯದೆ ಇನ್ನೊಂದು ಶುರು ಆಗಲ್ಲ. ಇಂಜಿನಿಯರುಗಳಿಗೆ ಹೇಳೋದಾದರೆ, ಎಲ್ಲ ಡಿಪೆಂಡೆನ್ಸಿಯೂ ಸಾಲಾಗಿದೆ, ಪ್ಯಾರಲೆಲ್ ಆಗಿ ಓಡಿಸೋಕೆ ಒಂದೂ ಇಲ್ಲ.

ಇಷ್ಟರಲ್ಲಿ ಒಬ್ಬನೂ ಖಳನಾಯಕ ಇಲ್ಲ ಅನ್ನೋದನ್ನ ಗಮನಿಸಿ. ಡಿಕ್ಸನ್ ಇಲ್ಲ. ಆಸ್ಪತ್ರೆಯವರು ನಮ್ಮ ಕಡೆ ವಾಡಿಕೆಯಲ್ಲಿ ಇರೋದನ್ನೇ ಬರೆದರು. ಪಾಸ್‌ಪೋರ್ಟಿನವರು ನಿಯಮ ನೋಡಿದರು. ಆ ಕಡೆಯವರು ಹೆಸರು ಹೊಂದಿಸಿ ನೋಡಿದರು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದರು, ಒಟ್ಟು ಫಲಿತಾಂಶ ನಾಲ್ಕು ತಿಂಗಳು. ಯಾರ ಮೇಲೆ ರೇಗೋಣ? ಸಿನಿಮಾಗಳು ನಮಗೆ ಕೊಡೋ ದೊಡ್ಡ ಸಮಾಧಾನ ಅಂದರೆ ಬಯ್ಯೋಕೆ ಒಂದು ಮುಖ. ನಿಜದಲ್ಲಿ ಆ ಮುಖ ಇರಲ್ಲ, ಹಾಗಾಗಿ ರೇಗಾಟ ಗಂಡ ಹೆಂಡತಿ ಮಧ್ಯೆಯೇ ಓಡಾಡುತ್ತೆ. ರಾತ್ರಿ ಹತ್ತೂವರೆಯ ವಿಡಿಯೋ ಕಾಲಿನಲ್ಲಿ ನಾವಿಬ್ಬರೂ ಜಗಳ ಆಡಿದ್ದು ಬಹುಪಾಲು ಒಂದು ಅಕ್ಷರದ ಬಗ್ಗೆ.

ಗಡಿಯಾರಗಳ ಮಾತಿಗೆ ಬರೋಣ. ಹೆಂಡತಿಯ ಕಂಪನಿಯಲ್ಲಿ ನೋಟಿಸ್ ಪೀರಿಯಡ್ ತೊಂಬತ್ತು ದಿನ. ವೀಸಾ ಕೈಗೆ ಬಂದ ಮೇಲೆ ರಾಜೀನಾಮೆ ಕೊಟ್ಟರೆ ಇನ್ನೂ ಮೂರು ತಿಂಗಳು ಇಲ್ಲೇ, ಅದಕ್ಕೇ ಎಲ್ಲರೂ ಮಾಡೋ ಹಾಗೆ ಮುಂಚೆಯೇ ಕೊಟ್ಟಳು. ಮನೆ ಕರಾರು ಹನ್ನೊಂದು ತಿಂಗಳಿನದು, ಮುಗೀತು. ಶಾಲೆಯ ವರ್ಷ ಜೂನಿಗೆ ಶುರು, ಮುಂದಿನ ಕಂತಿನ ಫೀಸು ಕಟ್ಟೋದೋ ಟಿಸಿ ತಗೊಳ್ಳೋದೋ ಅಂತ ಶಾಲೆ ಕೇಳ್ತು. ನನ್ನ ಜಾಯಿನಿಂಗ್ ತಾರೀಖು ಇನ್ನೊಂದು. ವೀಸಾ ಮಾತ್ರ ತನ್ನದೇ ಗಡಿಯಾರದಲ್ಲಿ. ಇವೆಲ್ಲ ಒಂದೇ ದಿನ ಕೂಡಿ ಬರೋದು ಗ್ರಹಣದಷ್ಟೇ ಅಪರೂಪ. ಕೂಡಿ ಬರದಿದ್ದಾಗ ಕೆಲಸ ಬಿಟ್ಟವಳು ಅವಳು, ಟಿಸಿ ತಗೊಂಡವಳು ಮಗಳು. ನನ್ನ ಕೆಲಸ, ನನ್ನ ಸಂಬಳ ಒಂದು ದಿನವೂ ನಿಲ್ಲಲಿಲ್ಲ. ಫಾರ್ಮಿನಲ್ಲಿ ಅವರಿಬ್ಬರ ಖಾನೆಗೆ 'ಡಿಪೆಂಡೆಂಟ್' ಅಂತ ಹೆಸರು. ಹತ್ತು ವರ್ಷ ಸಂಬಳ ತಂದವಳಿಗೆ ಆ ಪದ ಹೇಗೆ ಕೇಳಿಸುತ್ತೆ ಅಂತ ಯಾವ ಸಿನಿಮಾನೂ ಕೇಳಿಲ್ಲ.

ಅವರಿಬ್ಬರೂ ಸೂಟ್‌ಕೇಸ್ ಸಮೇತ ನಮ್ಮ ಹಳ್ಳಿ ಮನೆಗೆ ಹೋದರು. ಇಪ್ಪತ್ಮೂರು ಕೆಜಿಗೆ ತೂಗಿ ಕಟ್ಟಿದ್ದ ಸೂಟ್‌ಕೇಸಿನಿಂದ ಒಂದೊಂದೇ ಬಟ್ಟೆ ಹೊರಗೆ ಬಂತು. ಮಗಳಿಗೆ ಶಾಲೆ ಇಲ್ಲ. ಅಂಗನವಾಡಿ ಟೀಚರು 'ಸುಮ್ನೆ ಬಂದು ಕೂತ್ಕೊಳ್ಲಿ ಬಿಡಿ' ಅಂದರು, ಹೋಗಿ ಕೂತಳು. ಬೆಂಗಳೂರಿನ ಯುಕೆಜಿ ಪಾಪು ಬಿಸಿ ಉಪ್ಪಿಟ್ಟಿಗೆ ತಟ್ಟೆ ಹಿಡಿದು ಸಾಲಲ್ಲಿ ನಿಂತ ಫೋಟೋ ನನ್ನ ಫೋನಿನಲ್ಲಿದೆ. ನಾನು ಕಳಿಸಿದ ದುಡ್ಡಿನಿಂದ ಅವಳ ದಿನಗಳು ಸಾಗಲಿಲ್ಲ, ಅಂಗನವಾಡಿಯಿಂದ ಸಾಗಿದವು.

ಆಗ ನನಗೆ ಅಪ್ಪನ ಪಹಣಿ ನೆನಪಾಯಿತು. ತಾತ ತೀರಿಕೊಂಡ ಮೇಲೆ ಪೌತಿ ಖಾತೆ ಆಗಬೇಕಿತ್ತು. ಅದೇ ಹೊತ್ತಿಗೆ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋದವು, ಹೋಗುವಾಗ ಅಪ್ಪನ ಹೆಸರಿನ ಕೊನೆಯ 'ಯ್ಯ' ಹೋಗಿ 'ಪ್ಪ' ಆಯಿತು. ನಾಲ್ಕು ವರ್ಷ ಅಲೆದರು. ಗೊಬ್ಬರದಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಸುತ್ತಿಕೊಂಡು, ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಎಂಟೂವರೆ ಬಸ್ಸು ಹಿಡಿದು ಹೋಗೋರು. ಆಗದಿದ್ದರೆ ಸಂಜೆ ವಾಪಸ್ ಬಂದು ಹಸು ಕಟ್ಟೋರು. ಕೋಪ ಬರಲ್ವಾ ಅಂತ ಒಮ್ಮೆ ಕೇಳಿದ್ದೆ. "ಪಹಣಿ ಬರ್ಲಿಲ್ಲ ಅಂತ ಹಸು ಹಾಲು ಕೊಡೋದು ನಿಲ್ಸುತ್ತೇನಪ್ಪ?" ಅಂದಿದ್ದರು. ಖಾತೆ ಆಗದ ಆ ಹೊಲಕ್ಕೇ ತೆಂಗಿನ ಸಸಿಗಳನ್ನೂ ನೆಟ್ಟರು. ಖಾತೆ ಆಗೋ ಹೊತ್ತಿಗೆ ಸಸಿ ಎದೆಮಟ್ಟ ಬಂದಿದ್ದವು.

ಸ್ಪಿಲ್‌ಬರ್ಗ್ ಸಿನಿಮಾದ ಮೊದಲ ಗಂಟೆ ಇದನ್ನ ಕಂಡುಕೊಂಡಿದೆ: ಕಾಗದ ಬರೋವರೆಗೆ ಬದುಕು ನಿಲ್ಲಿಸಬಾರದು, ಸಿಕ್ಕ ಜಾಗದಲ್ಲೇ ಒಂದು ದಿನಚರಿ ಕಟ್ಟಿಕೊಳ್ಳಬೇಕು. ಆದರೆ ಅಪ್ಪನಿಗೆ ಹೊಲ ಇತ್ತು. ನಮ್ಮಂಥ ಬಾಡಿಗೆ ಮನೆಯ ಸಂಸಾರಗಳಿಗೆ ಆ ಸಸಿ ನೆಡೋ ಜಾಗವೇ ಇಲ್ಲ, ಹೊರಡೋ ಮೊದಲೇ ಎಲ್ಲವನ್ನೂ ಖಾಲಿ ಮಾಡಿ ನಿಂತಿರ್ತೀವಿ. ಹಳ್ಳಿಯಲ್ಲಿ ಮನೆ ಇಲ್ಲದವರು, ಅತ್ತೆ ಮಾವನ ಜೊತೆ ಹೊಂದಾಣಿಕೆ ಇಲ್ಲದವರು ಆ ನಾಲ್ಕು ತಿಂಗಳು ಎಲ್ಲಿರ್ತಾರೆ? ಇದು ಸಿನಿಮಾಗೆ ಕೇಳಬೇಕಾದ ಪ್ರಶ್ನೆ. ಹೆಂಡತಿ ಊರಲ್ಲಿ ಸುಖವಾಗಿದ್ದಳು ಅಂತ ನಾನು ಬರೆದರೆ ಅದೂ ಒಂದು ಸಿನಿಮಾ ಕಥೆಯೇ ಆಗುತ್ತೆ. ಇರಬೇಕಾಗಿತ್ತು, ಇದ್ದಳು.

'ದಿ ಟರ್ಮಿನಲ್'ಗೆ ಪ್ರೇರಣೆ ಆದವರಲ್ಲಿ ಮೆಹ್ರಾನ್ ಕರೀಮಿ ನಾಸೇರಿ ಅನ್ನೋ ಇರಾನಿನ ಮನುಷ್ಯ ಒಬ್ಬರು. 1988ರಿಂದ 2006ರವರೆಗೆ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣದ ಒಂದನೇ ಟರ್ಮಿನಲ್ಲಿನಲ್ಲಿ ಇದ್ದರು. ಸಿನಿಮಾದ ಒಂಬತ್ತು ತಿಂಗಳೆಲ್ಲಿ, ಹದಿನೆಂಟು ವರ್ಷ ಎಲ್ಲಿ. 1999ರಲ್ಲಿ ಕಾಗದ ಕೊನೆಗೂ ಬಂದಾಗ ಅವರು ಸಹಿ ಹಾಕಲಿಲ್ಲ, ಅದರಲ್ಲಿ ತಾವು ತಮಗೆ ಇಟ್ಟುಕೊಂಡಿದ್ದ 'ಸರ್ ಆಲ್ಫ್ರೆಡ್' ಅನ್ನೋ ಹೆಸರು ಇರಲಿಲ್ಲ ಅಂತ ವರದಿಗಳಾದವು. 2022ರ ನವೆಂಬರಿನಲ್ಲಿ ಅದೇ ನಿಲ್ದಾಣದಲ್ಲಿ ತೀರಿಕೊಂಡರು. ಸ್ಪಿಲ್‌ಬರ್ಗ್ ಇದನ್ನ ಬಿಟ್ಟಿದ್ದು ಯಾಕೆ ಅಂತ ಅರ್ಥ ಆಗುತ್ತೆ, ಇದರಲ್ಲಿ ಗೆಲುವಿಲ್ಲ. ಆದರೆ ನಮ್ಮ ವಿಷಯದ ತಿರುಳು ಇದರಲ್ಲೇ ಇದೆ. ವರ್ಷಗಟ್ಟಲೆ 'ನೀನು ಯಾರು, ತೋರಿಸು' ಅಂತ ಕೇಳಿಸಿಕೊಂಡ ಮನುಷ್ಯನಿಗೆ ತನ್ನ ಹೆಸರೇ ಕೈತಪ್ಪಿ ಹೋಗಬಹುದು. ಅಫಿಡವಿಟ್ಟಿಗೆ ಸಹಿ ಹಾಕಿ ಬಂದ ದಿನ ನನ್ನ ಹೆಂಡತಿ ನಗ್ತಾ, "ಇವತ್ತು ಮೂರು ಜನರ ಪರವಾಗಿ ಸೈನ್ ಮಾಡಿ ಬಂದೆ" ಅಂದಿದ್ದಳು. ನಗುವಿನ ಹಿಂದೆ ದಣಿವಿತ್ತು.

ಹಾಗಾದರೆ ಯಾವ ಸಿನಿಮಾ ಬೇಕು? ಕನ್ನಡದಲ್ಲೇ ಆಗಬಹುದು, ನಮ್ಮಲ್ಲಿ ಸಾಮಗ್ರಿಗೆ ಕೊರತೆ ಇಲ್ಲ. ನಾಯಕಿ ಕೆಲಸ ಬಿಟ್ಟು ಕೂತವಳು. ಗಂಡ ಬರೀ ಫೋನಿನ ಪರದೆಯಲ್ಲಿ. ಕೌಂಟರಿನ ಜಟಾಪಟಿ ಒಂದೂ ಬೇಡ. ನೆರೆಹೊರೆಯವರ "ವೀಸಾ ಬಂತಾ?" ಸಾಕು, ದಿನಕ್ಕೆ ನಾಲ್ಕು ಸಲ. ಖಾಲಿ ಮಾಡಿದ ಮನೆ, ಬೇರೆಯವರಿಗೆ ಕೊಟ್ಟ ಫ್ರಿಜ್ಜು, ಮತ್ತೆ ಬಿಚ್ಚಿದ ಸೂಟ್‌ಕೇಸು, "ನಾಳೆ ಅಪ್ಪನ ಹತ್ರ ಹೋಗ್ತೀನಿ" ಅಂತ ದಿನಾ ಹೇಳೋ ಮಗು. ಸಿನಿಮಾ ಮಾಡೋರಿಗೆ ಇಲ್ಲಿ ಫೈಟು ಕಾಣದೇ ಇರಬಹುದು. ಬದುಕಿದವರಿಗೆ ಕಾಣುತ್ತೆ.

ಅಲ್ಲಿಯವರೆಗೆ ಇರೋ ಮೂರರಲ್ಲಿ ಒಂದನ್ನೇ ನೋಡೋದಾದರೆ 'ದಿ ಟರ್ಮಿನಲ್' ನೋಡಿ. ಗಗನಸಖಿಯ ಪ್ರೇಮ ದೊಡ್ಡದಾಗೋ ಹೊತ್ತಿಗೆ ಎದ್ದು ಕಾಫಿ ಮಾಡ್ಕೊಳ್ಳಿ, ನಷ್ಟ ಇಲ್ಲ. ನೀವೇ ಆ ಸಾಲಿನಲ್ಲಿದ್ದರೆ, ಎಲ್ಲ ದಾಖಲೆಯ ಹೆಸರನ್ನ ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ಅಕ್ಷರ ಅಕ್ಷರ ಹೋಲಿಸಿ, ಮಗುವಿನ ಜನನ ಪತ್ರದಿಂದಲೇ ಶುರು ಮಾಡಿ. ನಿಮ್ಮ ಆಫೀಸಿನಲ್ಲಿ ಯಾರಾದರೂ ಹೀಗೆ ಹೊರಟು ನಿಂತಿದ್ದರೆ, ವೀಸಾ ಬಂತಾ ಅನ್ನೋ ಬದಲು ಊಟಕ್ಕೆ ಕರೀರಿ.

ನಮ್ಮದು ಬಂದ ದಿನ ಯಾವ ಅಧಿಕಾರಿಯ ಮುಖವೂ ಎದುರಿಗಿರಲಿಲ್ಲ. ಹಳ್ಳಿಗೆ ಕೊರಿಯರ್ ಬರಲ್ಲ ಅಂತ ಹೆಂಡತಿ ಬಸ್ಸು ಹತ್ತಿ ಪೇಟೆಗೆ ಹೋಗಿ ತಗೊಂಡು ಬಂದಳು. ಒಟಿಪಿ ಕೇಳಿದರು, ಹೇಳಿದಳು. ಹೆಸರು ಕೇಳಿದರು.

"ಯಾವ್ದು ಬೇಕಾದ್ರೂ ಬರ್ಕೊಳ್ಳಿ ಅಂದೆ ಕಣ್ರೀ" ಅಂತ ಆಮೇಲೆ ಫೋನಿನಲ್ಲಿ ಹೇಳಿದಳು.